ಬಯೋನೆಟ್ಟಿನ ಬುಡದ ಮೂರು ಗುಳಿಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ‘ಬವೇರಿಯಾದ ಮೂರು ಚುಕ್ಕೆಯ ಡಿಪೋ ಮುದ್ರೆ’ ಎಂಬುದು ಜರ್ಮನ್ ಸೇನೆಯಲ್ಲಿ ಯಾವ ಕಾಲದಲ್ಲೂ ಇರಲಿಲ್ಲ. ಅದು ಹುಟ್ಟಿದ್ದು 2018ರ ಮೇ ತಿಂಗಳ ಒಂದು ಸೋಮವಾರ, ಟೊರೊಂಟೊ ಪಕ್ಕದ ವಾನ್‌ನ ಒಂದು ಗೋದಾಮಿನಲ್ಲಿ, ನನ್ನ ಕೀಬೋರ್ಡಿನ ಮೇಲೆ. ಹುಟ್ಟಿಸಿದ ಮೇಲೆ ಅದರ ಕೆಳಗೆ ನನ್ನ ಹೆಸರು ಹಾಕಿಕೊಳ್ಳುವಷ್ಟು ಧೈರ್ಯವಿರಲಿಲ್ಲ. ಎಪ್ಪತ್ತೊಂದು ವರ್ಷದ ಒಬ್ಬ ಮರ್ಯಾದಸ್ಥರ ಹೆಸರು ಹಾಕಿದೆ. ನಿವೃತ್ತಿಗೆ ಇನ್ನೂ ಮೂರು ದಶಕ ಬಾಕಿ ಇರುವವನು ವೃತ್ತಿಯ ಅನುಭವ ಬರೆಯಲು ಕೂರುವುದು ಅಧಿಕಪ್ರಸಂಗ ಎಂದು ನೀವು ಅಂದುಕೊಳ್ಳಬಹುದು. ನಿಜ. ಅಧಿಕಪ್ರಸಂಗವೇ ನನ್ನ ಮುಖ್ಯ ಅರ್ಹತೆ.

ಆಗ ನನಗೆ ಇಪ್ಪತ್ತನಾಲ್ಕು. ತುಮಕೂರಿನಿಂದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓದಲು ಬಂದಿದ್ದೆ. ನಮ್ಮ ಕಡೆಯಿಂದ ಬರುವ ಹುಡುಗರೆಲ್ಲ ಅದನ್ನೇ ಓದುತ್ತಾರೆ, ಯಾರ ಕೈಗೂ ಪ್ರಾಜೆಕ್ಟು ಸಿಗುವುದಿಲ್ಲ. ನನಗೆ ಸಿಕ್ಕಿದ್ದು ಹಳೆಯ ಸೇನಾ ಸಾಮಾನುಗಳನ್ನು ಹರಾಜು ಹಾಕುವ ಒಂದು ಸಂಸ್ಥೆಯಲ್ಲಿ ಪೆಟ್ಟಿಗೆ ಎತ್ತುವ ಪಾರ್ಟ್‌ಟೈಮ್ ಕೆಲಸ. ಓದು ಮುಗಿದ ಮೇಲೆ ಅಲ್ಲೇ ಜೂನಿಯರ್ ಕ್ಯಾಟಲಾಗರ್ ಆದೆ. ಬಂದ ವಸ್ತುವನ್ನು ಅಳೆದು, ತೂಗಿ, ಫೋಟೋ ತೆಗೆದು, ನಾಲ್ಕು ಸಾಲಿನ ವಿವರಣೆ ಬರೆಯುವವನೇ ಕ್ಯಾಟಲಾಗರ್. ಬಡ್ತಿ ಸಿಕ್ಕಿದ್ದು ವಿದ್ಯೆಗಲ್ಲ, ಮಿಮಿಕ್ರಿಗೆ ಎಂದು ಈಗಲೂ ನನ್ನ ಅನುಮಾನ. ಊಟದ ಹೊತ್ತಿನಲ್ಲಿ ಎಲ್ಲರನ್ನೂ ಅನುಕರಿಸುತ್ತಿದ್ದೆ: ಹರಾಜು ಕೂಗುವವನನ್ನು, ಫೋರ್ಕ್‌ಲಿಫ್ಟ್ ಓಡಿಸುವ ಸರ್ದಾರ್ಜಿಯನ್ನು, ಬಾಡಿಗೆ ಬೇಸ್‌ಮೆಂಟಿನ ಓನರನ್ನು, ಇಂಟರ್‌ವ್ಯೂನಲ್ಲಿ ಕೂತು ಬೆವರುತ್ತಿದ್ದ ನನ್ನನ್ನೇ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಗ್ರೇಮ್.

ಗ್ರೇಮ್ ನಮ್ಮ ಆಯುಧ ತಜ್ಞರು. ನಲವತ್ತು ವರ್ಷದಿಂದ ಜರ್ಮನ್ ಬಯೋನೆಟ್ಟುಗಳನ್ನು, ಅಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿಗಳನ್ನು, ನೋಡಿದ್ದವರು. ವಿವರಣೆಯ ಕೆಳಗೆ ಅವರ ಎರಡು ಇನಿಷಿಯಲ್ ಬಿದ್ದರೆ ಸಂಗ್ರಾಹಕರು ಮರುಪ್ರಶ್ನೆ ಕೇಳುತ್ತಿರಲಿಲ್ಲ. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಂಡು ‘ನೌ ದೆನ್’ ಎನ್ನುತ್ತಿದ್ದರು. ಬರೆಯುವಾಗ ‘ನಂಬಲು ಕಾರಣವಿದೆ’ ಎಂಬ ಮಾತಿಲ್ಲದೆ ಅವರ ವಾಕ್ಯ ಮುಗಿಯುತ್ತಿರಲಿಲ್ಲ. ನನ್ನ ಹೆಸರು ಚೇತನ್. ಅವರ ಬಾಯಲ್ಲಿ ಚೆಟ್.

ಕೆಲಸ ಕಲಿಸಿದವರೂ ಅವರೇ. ಮೊದಲನೆಯ ಮಹಾಯುದ್ಧದ 98/05 ಮಾದರಿಯ ಅಲಗು ಸುಮಾರು ಮೂವತ್ತೇಳು ಸೆಂಟಿಮೀಟರ್, ತುದಿಯತ್ತ ಅಗಲವಾಗುತ್ತದೆ. ಸಂಗ್ರಾಹಕರು ಅದನ್ನು ಕಟುಕನ ಚೂರಿ ಎನ್ನುತ್ತಾರೆ. ಎರಡನೆಯ ಯುದ್ಧದ 84/98 ಗಿಡ್ಡ, ಇಪ್ಪತ್ತೈದು ಸೆಂಟಿಮೀಟರ್. ಹಳೆಯವುಗಳ ಬೆನ್ನಿನ ಮೇಲೆ, ಹಿಡಿಯ ಹತ್ತಿರ, ಒಂದು ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಮೊದಲಕ್ಷರ, ಅದರ ಕೆಳಗೆ ವರ್ಷದ ಎರಡು ಅಂಕಿ. ಡಬ್ಲ್ಯೂ ಇದ್ದರೆ ಪ್ರಷ್ಯಾದ ವಿಲ್ಹೆಲ್ಮ್, ಎಲ್ ಇದ್ದರೆ ಬವೇರಿಯಾದ ಲುಡ್ವಿಗ್. ಆಗ ಇವೆರಡೂ ಜರ್ಮನಿಯೊಳಗಿನ ಬೇರೆ ಬೇರೆ ರಾಜ್ಯಗಳು, ಸೇನೆಯೂ ಬೇರೆ. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮೇಲೆ ರೆಜಿಮೆಂಟಿನ ಸಂಖ್ಯೆ ಇರಬಹುದು. ಯಾವುದನ್ನೂ ಉಜ್ಜಬಾರದು, ಪಾಲಿಶ್ ಮಾಡಬಾರದು. ಗುರುತು ತಿಳಿಯದಿದ್ದರೆ ‘ಗುರುತು, ಉದ್ದೇಶ ತಿಳಿದಿಲ್ಲ’ ಎಂದು ಬರೆದು ಮುಂದೆ ಹೋಗಬೇಕು. ಈ ಕೊನೆಯ ನಿಯಮವನ್ನು ಅವರು ಮೂರು ಸಲ ಹೇಳಿದ್ದರು. ನಾನು ಮೂರು ಸಲವೂ ಅವರದೇ ದನಿಯಲ್ಲಿ ಹಿಂತಿರುಗಿ ಹೇಳಿದ್ದೆ. ಅವರೂ ನಕ್ಕಿದ್ದರು.

ಆ ಮೇ ತಿಂಗಳಲ್ಲಿ ಗ್ರೇಮ್ ಕಣ್ಣಿನ ಪೊರೆಯ ಆಪರೇಷನ್‌ಗೆಂದು ಎರಡು ವಾರ ರಜೆ ಹಾಕಿದರು. ಅದೇ ವಾರ ಮಾರ್ಕಮ್‌ನಿಂದ, ತೀರಿಕೊಂಡ ಯಾರದೋ ಮೂವತ್ತೆಂಟು ಬಯೋನೆಟ್ಟುಗಳ ಒಂದು ಸಂಗ್ರಹ ಬಂತು. ಕೊಟ್ಟವರ ಹೆಸರು ನಮಗೆ ತಿಳಿಯುವುದಿಲ್ಲ, ಬರೀ ಒಂದು ನಂಬರು. ಅದು ಸಂಸ್ಥೆಯ ಪದ್ಧತಿ. ಪ್ರತಿಯೊಂದನ್ನೂ ಮೇಣ ಸವರಿದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಸತ್ತವರು ಯಾರೋ ಶಿಸ್ತಿನ ಮನುಷ್ಯ ಅಂದುಕೊಂಡೆ.

ಮೊದಲು ಬಿಚ್ಚಿದ ನಾಲ್ಕೂ ಬವೇರಿಯಾದವು. ನಾಲ್ಕರಲ್ಲೂ ಅಲಗಿನ ಬುಡದಲ್ಲಿ, ಅಡ್ಡಪಟ್ಟಿಗೆ ಒಂದು ಬೆರಳು ಕೆಳಗೆ, ಸಾಲಾಗಿ ಮೂರು ಸಣ್ಣ ಗುಳಿಗಳು. ಕಪ್ಪಗೆ, ದುಂಡಗೆ. ನಡುವಿನದು ಆಳ, ಉಳಿದೆರಡು ಅಷ್ಟಿಲ್ಲ. ಪುಸ್ತಕಗಳಲ್ಲಿ ಹುಡುಕಿದೆ, ಇರಲಿಲ್ಲ. ಅಲ್ಲಿಗೆ ‘ಉದ್ದೇಶ ತಿಳಿದಿಲ್ಲ’ ಎಂದು ಬರೆಯಬೇಕಿತ್ತು. ಬರೆದದ್ದು ಇದು: ‘ಅಡ್ಡಪಟ್ಟಿಯ ಕೆಳಗೆ ಸಮಾನ ಅಂತರದಲ್ಲಿ ಮೂರು ಗುಳಿಗಳು. ಇದುವರೆಗೆ ದಾಖಲಾಗದ ಬವೇರಿಯನ್ ಡಿಪೋ ತಪಾಸಣಾ ಮುದ್ರೆ ಎಂದು ನಂಬಲು ಕಾರಣವಿದೆ. ಆಳದ ವ್ಯತ್ಯಾಸವು ಮೂರು ಪ್ರತ್ಯೇಕ ತಪಾಸಣೆಗಳನ್ನು ಸೂಚಿಸುತ್ತದೆ.’ ಗೋದಾಮಿನ ಹುಡುಗರ ಮುಂದೆ ಇದನ್ನು ಗ್ರೇಮ್ ದನಿಯಲ್ಲಿ, ಗಂಟಲು ಸರಿಮಾಡಿಕೊಂಡು, ಓದಿದೆ. ಸರ್ದಾರ್ಜಿ ಫೋರ್ಕ್‌ಲಿಫ್ಟಿನಿಂದ ಇಳಿದು ಬಂದು ಇನ್ನೊಮ್ಮೆ ಓದಿಸಿದ. ಅಷ್ಟು ನಗು ಬಂದ ಮೇಲೆ ಅಳಿಸಲು ಮನಸ್ಸಾಗಲಿಲ್ಲ.

ಐದನೆಯದು ಪ್ರಷ್ಯಾದ್ದು. ಅದರಲ್ಲೂ ಮೂರು ಗುಳಿ. ಆಗಲಾದರೂ ನಿಲ್ಲಬಹುದಿತ್ತು. ನಾನು ಸಿದ್ಧಾಂತದ ಮೇಲೊಂದು ಮಹಡಿ ಕಟ್ಟಿದೆ: ಪ್ರಷ್ಯಾದ ಆಯುಧಗಳು ಬವೇರಿಯಾದ ಡಿಪೋಗೆ ರಿಪೇರಿಗೆ ಬಂದಿರಬೇಕು. ಇಪ್ಪತ್ತಮೂರನೆಯದು ಎರಡನೆಯ ಯುದ್ಧದ ಗಿಡ್ಡ ಅಲಗು. ಅದಕ್ಕೂ ಮೂರು. ಹಳೆಯ ಡಿಪೋ ಹೊಸ ಯುದ್ಧದಲ್ಲೂ ಮುಂದುವರಿದಿತ್ತು ಎಂದು ಇನ್ನೊಂದು ಮಹಡಿ. ಮೂವತ್ತೆಂಟೂ ಮುಗಿಯುವ ಹೊತ್ತಿಗೆ ಕಟ್ಟಡ ಎತ್ತರಕ್ಕೆ ನಿಂತಿತ್ತು. ಹರಾಜು ಆನ್‌ಲೈನ್, ಪುಟಗಳು ಮುಂದಿನ ಸೋಮವಾರವೇ ಹೋಗಬೇಕು, ಇನಿಷಿಯಲ್ ಇಲ್ಲದೆ ಸಾಫ್ಟ್‌ವೇರ್ ಪುಟವನ್ನು ಮುಂದೆ ಬಿಡುವುದಿಲ್ಲ. ಗ್ರೇಮ್ ಇನಿಷಿಯಲ್ ಹಾಕಿ ಬಟನ್ ಒತ್ತಿದೆ. ವಾಪಸು ಬಂದಾಗ ಹೇಳಿದರಾಯಿತು, ಅವರೂ ನಗುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಬುಧವಾರ ಓಕ್‌ವಿಲ್‌ನಿಂದ ಡೇಲ್ ಎಂಬ ಸಂಗ್ರಾಹಕ ಫೋನ್ ಮಾಡಿದ. ನನ್ನ ಬಳಿಯೂ ಮೂರು ಚುಕ್ಕೆಯ ಒಂದು ಬಯೋನೆಟ್ ಇದೆ, ಎಂಟು ವರ್ಷದಿಂದ ಅದು ಏನು ಎಂದು ತಲೆ ಕೆಡಿಸಿಕೊಂಡಿದ್ದೆ, ಗ್ರೇಮ್‌ಗೆ ನನ್ನ ಸಲಾಮು ಹೇಳು ಎಂದ. ಎಲ್ಲಿಂದ ಕೊಂಡದ್ದು ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಶುಕ್ರವಾರ ಇನ್ನೊಬ್ಬರು ಫೋನ್ ಮಾಡಿದರು, ಅವರ ಬಳಿಯೂ ಒಂದು. ನಾನು ಸೃಷ್ಟಿಸಿದ ಮುದ್ರೆಗೆ ಸಾಕ್ಷಿಗಳು ತಾವಾಗಿಯೇ ಬರತೊಡಗಿದ್ದರು. ಒಂದು ಕ್ಷಣ ನನಗೇ ನಂಬಿಕೆ ಬಂತು. ನಾಚಿಕೆಯಾಗುವುದು ಇದಕ್ಕೇ.

ಗ್ರೇಮ್ ಕಪ್ಪು ಕನ್ನಡಕ ಹಾಕಿಕೊಂಡು ಮರುಸೋಮವಾರ ಬಂದರು. ಡೇಲ್ ಅವರ ಮನೆಗೇ ಫೋನ್ ಮಾಡಿದ್ದ. ಅವರು ನನ್ನ ಮೇಜಿನ ಬಳಿ ನಿಂತು, ಒಂದು ಅಲಗನ್ನು ಮುಖಕ್ಕೆ ಹತ್ತಿರ ಹಿಡಿದು, ಗುಳಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಈಗ ಹೇಳಬೇಕು ಎಂದು ಬಾಯಿ ತೆರೆದೆ.

“ನಿನ್ನ ಕಣ್ಣು ಚೆನ್ನಾಗಿದೆ ಚೆಟ್,” ಎಂದರು ಅವರು. “ನಾನಾಗಿದ್ದರೆ ತುಕ್ಕು ಅಂತ ಬಿಟ್ಟುಬಿಡುತ್ತಿದ್ದೆ. ನಲವತ್ತು ವರ್ಷ ಬೇರೆಯವರ ತಪ್ಪು ತಿದ್ದಿದ್ದೇ ಆಯಿತು, ಹೊಸದೊಂದನ್ನು ಕಂಡುಹಿಡಿದವನಲ್ಲ. ನನ್ನ ಹೆಸರಿನ ಜೊತೆ ನಿನ್ನದೂ ಹಾಕಬೇಕಿತ್ತು ನೀನು.”

ತೆರೆದ ಬಾಯಿಯಿಂದ “ಥ್ಯಾಂಕ್ಸ್” ಎಂಬ ಮಾತು ಬಂತು. ಬರುವ ಭಾನುವಾರ ತಮ್ಮ ಸಂಗ್ರಾಹಕರ ಕ್ಲಬ್ಬಿನಲ್ಲಿ ಈ ಮುದ್ರೆಯ ಬಗ್ಗೆ ಅವರು ಮಾತಾಡುವುದೆಂದು ಆಗಲೇ ನಿಗದಿಯಾಗಿತ್ತು. ಆ ವಾರವಿಡೀ ನಾನು ಯಾರನ್ನೂ ಅನುಕರಿಸಲಿಲ್ಲ. ತಪ್ಪೊಪ್ಪಿಗೆಗೆ ಬೇಕಾದ ಸಂಕಟವಾದರೂ ಆಗಬಹುದು ಎಂದು ಕಾದೆ, ಅದೂ ಆಗಲಿಲ್ಲ. ಹಲ್ಲಿನ ಡಾಕ್ಟರ ಇಂಜೆಕ್ಷನ್ ಆದ ಮೇಲೆ ತುಟಿ ಮುಟ್ಟಿಕೊಂಡರೆ ಬೇರೆ ಯಾರದ್ದೋ ಅನಿಸುತ್ತದಲ್ಲ, ಮೈ ಪೂರ್ತಿ ಹಾಗಿತ್ತು. ಕೆಲಸ ಮಾತ್ರ ನಡೆಯುತ್ತಿತ್ತು. ಅಳೆದೆ, ತೂಗಿದೆ, ಲೇಬಲ್ ಅಂಟಿಸಿದೆ.

ಶುಕ್ರವಾರ ಪ್ರಿವ್ಯೂ. ಮುಂದಿನ ಬುಧವಾರದ ಹರಾಜಿಗೆ ಮುನ್ನ ಆಸಕ್ತರು ಬಂದು ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡುವ ದಿನ. ಮಧ್ಯಾಹ್ನ ಎರಡರ ಹೊತ್ತಿಗೆ ಅರವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ನೀಕರ್ಸ್, ಮಗಳ ಜೊತೆ ಬಂದರು. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಮೂವತ್ತೆಂಟನ್ನೂ ಬೆರಳಲ್ಲಿ ಎಣಿಸಿದರು. ಕನ್ನಡಕ ಏರಿಸಿ ಮೊದಲ ಲೇಬಲ್ ಓದಿದರು. ಆಮೇಲೆ ನನ್ನ ಎದೆಯ ಮೇಲಿದ್ದ ಹೆಸರಿನ ಪಟ್ಟಿ ಓದಿದರು.

“ನೀ ಕನ್ನಡದಾಂವ ಏನು?”

“ಹೌದಮ್ಮ. ತುಮಕೂರು.”

“ಇವು ನಮ್ಮನಿಯವ್ರವು. ಜನವರಿಯೊಳಗ ಹ್ವಾದ್ರು ಅವರು. ಇಲ್ಲಿ ಏನು ಬರ್ದಾರ ಇದು, ಮುದ್ರಿ ಅಂತ?”

“ಡಿಪೋ ಮುದ್ರೆ ಅಮ್ಮ. ಸೇನೆಯವರು ತಪಾಸಣೆ ಮಾಡಿ ಹಾಕೋದು.”

“ಯಾವ ಸೇನೆ?”

“ಬವೇರಿಯಾದ್ದು.”

“ನಾ ಧಾರವಾಡದಾಕಿ,” ಎಂದರು ಅವರು. “ಇದು ನಾ ಹಚ್ಚಿದ ಕುಂಕುಮ.”

ಅವರ ಹೆಸರು ವತ್ಸಲಾಬಾಯಿ. ಮಗಳು ತಾಯಿಯ ತೋಳು ಹಿಡಿದು “ಅಮ್ಮಾ, ಪ್ಲೀಸ್, ನಾಟ್ ಹಿಯರ್” ಎಂದಳು. “ಇಲ್ಲೇ ಬರ್ದಾರ, ಇಲ್ಲೇ ಹೇಳ್ತೀನಿ,” ಎಂದು ತಾಯಿ ತೋಳು ಬಿಡಿಸಿಕೊಂಡರು. ದನಿ ಏರಿರಲಿಲ್ಲ. ಅಂಗಡಿಯಲ್ಲಿ ತಪ್ಪು ಅಳತೆಯ ಚಪ್ಪಲಿ ವಾಪಸು ಕೊಡುವವರ ಹಾಗೆ ಹೇಳುತ್ತಿದ್ದರು.

ನಾವು ಆಯುಧಪೂಜೆ ಎನ್ನುವುದಕ್ಕೆ ಅವರ ಕಡೆ ಖಂಡೇಪೂಜೆ ಎನ್ನುತ್ತಾರೆ. ಇಪ್ಪತ್ತೆರಡು ವರ್ಷ, ಪ್ರತಿ ನವಮಿಗೆ, ಮಾರ್ಕಮ್‌ನ ಬೇಸ್‌ಮೆಂಟಿನಲ್ಲಿ ಅವರ ಯಜಮಾನರ ಬಯೋನೆಟ್ಟುಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿಟ್ಟು ಪೂಜೆ. “ಅವರು ಬ್ಯಾಡಂದ್ರು. ಕಬ್ಬಿಣ ಹಾಳಾಗ್ತದ ಅಂದ್ರು. ಮನಿತುಂಬ ಖಂಡೆ ಇಟ್ಕೊಂಡು ಖಂಡೇಪೂಜಿ ಬ್ಯಾಡಂದ್ರ ಹ್ಯಾಂಗ? ಒಂದಕ್ಕೂ ಹಚ್ಚಬ್ಯಾಡ ಅಂದ್ರು, ನಾ ಎಲ್ಲಾದಕ್ಕೂ ಹಚ್ಚಿದೆ. ಅರಿಷಿಣ, ಕುಂಕುಮ, ಗಂಧ. ದಶಮಿ ಸಂಜೀತನಾ ಒರಸಗೊಡ್ತಿದ್ದಿಲ್ಲ. ಆಮ್ಯಾಲೆ ಅವರು ಎಣ್ಣಿ ಹಚ್ಚಿ ತಿಕ್ಕಿ ತಿಕ್ಕಿ ಒರಸಾವ್ರು, ಬಾಯಾಗ ಏನೇನೋ ಅನಕೋತ.”

ನಾನು ಲೆಕ್ಕ ಹಾಕಿದೆ. ನೀರಲ್ಲಿ ಕಲಸಿದ ಮೂರು ಬಟ್ಟು, ಒಂದೂವರೆ ದಿನದ ತೇವ, ವರ್ಷವರ್ಷವೂ ಅದೇ ಜಾಗ. ಕುಂಕುಮದ್ದು ನಡುವಿನದು, ಆಳದ್ದು. ನನ್ನ ‘ಮೂರು ಪ್ರತ್ಯೇಕ ತಪಾಸಣೆಗಳು’ ಇವು. ತುಮಕೂರಿನಲ್ಲಿ ಅಪ್ಪನ ಸ್ಕೂಟರಿನ ಹೆಡ್‌ಲೈಟಿನ ಕೆಳಗೆ ಪೇಂಟು ಎದ್ದುಹೋದ ಮೂರು ಜಾಗಗಳಿದ್ದವು. ಪ್ರತಿವರ್ಷ ಅಲ್ಲಿ ಹಚ್ಚುತ್ತಿದ್ದವನು ನಾನೇ. ಎರಡು ವಾರ ಈ ಗುಳಿಗಳನ್ನು ಭೂತಗನ್ನಡಿಯಲ್ಲಿ ನೋಡಿದ್ದೆ, ಅಂತರ ಅಳೆದಿದ್ದೆ, ಫೋಟೋ ತೆಗೆದಿದ್ದೆ. ಸ್ಕೂಟರ್ ನೆನಪಾಗಿರಲಿಲ್ಲ.

ಹತ್ತು ಹೆಜ್ಜೆ ದೂರದಲ್ಲಿ ಗ್ರೇಮ್ ಇಬ್ಬರು ಗಿರಾಕಿಗಳಿಗೆ ಮುದ್ರೆಯ ಬಗ್ಗೆ ವಿವರಿಸುತ್ತಿದ್ದರು. ವತ್ಸಲಾಬಾಯಿ ಅತ್ತ ನೋಡಿ, ಆಮೇಲೆ ನನ್ನನ್ನು ನೋಡಿದರು.

“ಅವರಿಗೆ ನೀ ಹೇಳ್ತೀಯೋ, ನಾ ಹೇಳ್ಲೋ?”

ನಾನು ಹೇಳಿದೆ. ಗಿರಾಕಿಗಳು ಹೋದ ಮೇಲೆ, ನಾಲ್ಕು ವಾಕ್ಯದಲ್ಲಿ, ಇನಿಷಿಯಲ್ ಹಾಕಿದವನೂ ನಾನೇ ಎಂಬುದನ್ನು ಸೇರಿಸಿ. ಗ್ರೇಮ್ ಒಂದು ಬಯೋನೆಟ್ ತೆಗೆದು ಎರಡೂ ಕೈಯಲ್ಲಿ ವತ್ಸಲಾಬಾಯಿಯ ಮುಂದೆ ಹಿಡಿದರು. ಆಕೆ ಬಲಗೈಯ ಉಂಗುರದ ಬೆರಳನ್ನು ಒಂದಾದ ಮೇಲೊಂದರಂತೆ ಮೂರೂ ಗುಳಿಗಳ ಮೇಲಿಟ್ಟು ತೋರಿಸಿದರು. ಬೆರಳ ತುದಿ ಮೂರರಲ್ಲೂ ಸರಿಯಾಗಿ ಕೂತಿತು.

“ಡೇಲ್ ಹತ್ತಿರ ಇರುವುದು?” ಎಂದು ಗ್ರೇಮ್ ಕೇಳಿದರು.

“ಓಕ್‌ವಿಲ್ ಡೇಲ್?” ಎಂದರು ವತ್ಸಲಾಬಾಯಿ, ಈಗ ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷು ನನ್ನದಕ್ಕಿಂತ ನೇರವಾಗಿತ್ತು. “ನಮ್ಮ ಮನೆಯಿಂದಲೇ ಕೊಂಡುಹೋದದ್ದು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದ.”

ಗ್ರೇಮ್ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತರು. ಭಾನುವಾರ ಕ್ಲಬ್ಬಿಗೆ ನಾನು ಬಂದು ಎಲ್ಲವನ್ನೂ ಹೇಳುತ್ತೇನೆ, ತಪ್ಪು ನನ್ನದು, ಬೇಕಿದ್ದರೆ ಕೆಲಸ ಬಿಡುತ್ತೇನೆ ಎಂದೆ.

“ಕೆಳಗಿರುವ ಅಕ್ಷರಗಳು ನನ್ನವು,” ಎಂದರು ಅವರು. “ನಾನು ವಾಪಸು ಬಂದು ಅಲಗನ್ನು ಕೈಯಲ್ಲಿ ಹಿಡಿದಿದ್ದೆ. ತುಕ್ಕು ಅಂತ ಕೈಗೆ ಗೊತ್ತಾಗಿತ್ತು. ಆದರೂ ಒಪ್ಪಿಕೊಂಡೆ.”

ವತ್ಸಲಾಬಾಯಿ ಭಾನುವಾರ ತಾವೂ ಬರುವುದಾಗಿ ಹೇಳಿದರು. ಯಜಮಾನರು ಇಪ್ಪತ್ತು ವರ್ಷ ತಿಂಗಳಿಗೊಮ್ಮೆ ಆ ಕ್ಲಬ್ಬಿಗೆ ಹೋಗುತ್ತಿದ್ದರಂತೆ. ಅದು ಹೇಗಿದೆ ಎಂದು ಅವರು ಒಮ್ಮೆಯೂ ನೋಡಿರಲಿಲ್ಲ.

ಶನಿವಾರ ಒಬ್ಬನೇ ಕೂತು ಮೂವತ್ತೆಂಟು ಪುಟ ತಿದ್ದಿದೆ. ‘ಅಡ್ಡಪಟ್ಟಿಯ ಕೆಳಗೆ ತುಕ್ಕಿನಿಂದಾದ ಮೂರು ಗುಳಿಗಳು, ಹಿಂದಿನ ಮಾಲೀಕರ ಮನೆಯ ವಾರ್ಷಿಕ ಪೂಜೆಯಿಂದ. ಹಿಂದಿನ ವಿವರಣೆ ತಪ್ಪು.’ ಈ ಕೆಲಸ ನನಗೆ ಕಲಿಸಿದ್ದು ಏನಾದರೂ ಇದ್ದರೆ ಅದು ಆ ಶನಿವಾರ ಕಲಿತದ್ದು. ಗುರುತು ಹಿಡಿಯುವವನು ‘ತಿಳಿದಿಲ್ಲ’ ಎಂದು ಬರೆಯುವಾಗ ಯಾರೂ ನಗುವುದಿಲ್ಲ, ಚಪ್ಪಾಳೆಯೂ ಇಲ್ಲ, ಅದಕ್ಕೇ ಅದು ಕಷ್ಟ. ಇನ್ನೊಂದು: ನೋಡುವ ಕಣ್ಣನ್ನು ಬೇರೆಯವರಿಂದ ಕಡ ತಂದರೆ ನಮ್ಮ ಮನೆಯಲ್ಲಿ ಕಂಡದ್ದೂ ಕಾಣದಂತಾಗುತ್ತದೆ. ಇವತ್ತಿಗೂ ಅಲಗಿನ ಮೇಲೆ ಅಪರಿಚಿತ ಗುರುತು ಕಂಡರೆ ಮೊದಲು ಪುಸ್ತಕ ತೆಗೆಯುವುದಿಲ್ಲ. ಇದನ್ನು ಇಟ್ಟುಕೊಂಡಿದ್ದ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಕೇಳುತ್ತೇನೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಯೂನಿಯನ್‌ವಿಲ್ ಕಡೆಯ ಒಂದು ಸಭಾಂಗಣ. ಮೂವತ್ತರಷ್ಟು ಮಂದಿ, ಹೆಚ್ಚಿನವರು ಗ್ರೇಮ್ ವಯಸ್ಸಿನವರು, ಕೈಯಲ್ಲಿ ಕಾಫಿ, ಡೋನಟ್. ಮುಂದಿನ ಸಾಲಿನಲ್ಲಿ ಡೇಲ್, ತೊಡೆಯ ಮೇಲೆ ಒರೆಯಿಂದ ಹೊರತೆಗೆದ ಅವನ ಮೂರು ಚುಕ್ಕೆಯ ಬಯೋನೆಟ್. ಗ್ರೇಮ್ ನಿಂತು ‘ನೌ ದೆನ್’ ಎನ್ನದೆ ನೇರವಾಗಿ ಹೇಳಿದರು: ಮುದ್ರೆ ಇಲ್ಲ, ಅದು ಪೂಜೆಯ ಕುಂಕುಮ, ವಿವರಣೆ ತಮ್ಮ ಹೆಸರಿನಲ್ಲಿ ಹೋಗಿದೆ, ಅದು ತಪ್ಪು. ವತ್ಸಲಾಬಾಯಿ ಎದ್ದು ನಿಂತು ಇಂಗ್ಲಿಷಿನಲ್ಲಿ ಹತ್ತು ನಿಮಿಷ ನವಮಿ, ದಶಮಿ, ಚಾಪೆ, ಎಣ್ಣೆ ಎಲ್ಲವನ್ನೂ ವಿವರಿಸಿದರು. ನಾನೂ ಎದ್ದು, ಬರೆದವನು ನಾನು ಎಂದೆ. ಯಾರೂ ನನ್ನತ್ತ ತಿರುಗಲಿಲ್ಲ. ನಾನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಓದಿದ್ದು ಗ್ರೇಮ್ ಹೆಸರನ್ನು.

ಡೇಲ್ ಎದ್ದ. ಎಂಟು ವರ್ಷ ಕಾದ ಉತ್ತರ ಕೈತಪ್ಪಿದ ಸಿಟ್ಟು ಅವನ ಕಿವಿಯವರೆಗೂ ಏರಿತ್ತು. “ಅಂದರೆ ಗ್ರೇಮ್, ನಲವತ್ತು ವರ್ಷ ಆದ ಮೇಲೂ ನಿನಗೆ ಸೇನೆಯ ಮುದ್ರೆ ಯಾವುದು, ಒಬ್ಬ ಹೆಂಗಸಿನ ಕುಂಕುಮ ಯಾವುದು ಗೊತ್ತಾಗಲಿಲ್ಲ. ಹಾಗಾದರೆ ನೀನು ಸಹಿ ಹಾಕಿದ ಉಳಿದದ್ದನ್ನೆಲ್ಲ ನಾವು ಏನು ಮಾಡಬೇಕು?”

ಗ್ರೇಮ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು. ಕೋಣೆಯಲ್ಲಿ ಒಬ್ಬರೂ ಅವರ ಪರವಾಗಿ ಕೆಮ್ಮಲೂ ಇಲ್ಲ. ಆಗ ವತ್ಸಲಾಬಾಯಿ, ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಮಾತಾಡಿದವರು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಒಂದೇ ಒಂದು ಮಾತು ಹೇಳಿದರು. “ಹೇಳು ಅವರಿಗೆ. ಒಂದಕ್ಷರ ಬಿಡಬ್ಯಾಡ,” ಎಂದು ಸೇರಿಸಿದರು. ನಾನು ಅದನ್ನು ಮೂವತ್ತು ಜನರ ಮುಂದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಈ ಸಲ ಎಲ್ಲರೂ ನನ್ನತ್ತ ತಿರುಗಿದರು, ಬಹಳ ಹೊತ್ತು ನೋಡಿದರು. ಡೇಲ್ ಬಯೋನೆಟ್ಟನ್ನು ಒರೆಗೆ ಸೇರಿಸಿ ಕೂತ. ಆ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ. ವತ್ಸಲಾಬಾಯಿ ಹೇಳಿದ್ದು ಇಷ್ಟು:

“ಹುಟ್ಟಿದಾಗಿಂದ ತನ್ನ ಹಣೀಮ್ಯಾಲೆ ಹಚ್ಚಿಸ್ಕೊಂಡು ಬೆಳೆದ ಈ ಹುಡುಗಗ ಅದು ಕುಂಕುಮ ಅಂತ ಗುರ್ತು ಹತ್ತಲಿಲ್ಲ, ಆ ಹಿರೇ ಮನಷ್ಯಾಗ ಹ್ಯಾಂಗ ಹತ್ತಬೇಕು?”